ಮಾವ ಗುಡಿಸಿದ ರಾಶಿ

ನಾನು ಮೊದಲೇ ಪುಕ್ಕಲು. ಕುಕ್ಕರ್ ಕೂಗುವುದು ಒಂಚೂರು ತಡವಾದರೂ ನನ್ನ ಎದೆ ಹೊಡೆದುಕೊಳ್ಳುತ್ತದೆ. ಅಂಥವಳನ್ನು ತಿ. ನರಸೀಪುರದ ಹತ್ತಿರದ ಸಣ್ಣ ತಾಳೆ ಎಣ್ಣೆ ಮಿಲ್ಲಿನ ಲ್ಯಾಬಿನಲ್ಲಿ ಕೂರಿಸಿ, ಸಾಲದೆಂಬಂತೆ ಬೇಸ್‌ಲೈನ್ ಕೆಲಸವನ್ನೂ ತಲೆಗೆ ಕಟ್ಟಿದರು.

ಬೇಸ್‌ಲೈನ್ ಎಂದರೆ ಬ್ರಹ್ಮವಿದ್ಯೆಯೇನಲ್ಲ. ಹಣ್ಣು ಉದುರಿಸಿಕೊಂಡ ಮೇಲೆ ಖಾಲಿ ಗೊನೆಗಳು ಉಳಿಯುತ್ತವೆ. ಅವನ್ನು ಮಿಲ್ಲಿನ ಹಿಂದೆ ಸುರಿದು ಸುರಿದು ಗುಡ್ಡವೇ ಆಗಿತ್ತು. ಗಾಳಿಯಾಡದ ಅಡಿಭಾಗ ಕೊಳೆತು ಮೀಥೇನ್ ಅನಿಲ ಬಿಡುತ್ತದೆ. ಅದೇ ಗೊನೆಗಳನ್ನು ಹೊಸ ಬಾಯ್ಲರಿನಲ್ಲಿ ಉರಿಸಿ ಹಬೆ ಮಾಡಿದರೆ ಆ ಅನಿಲ ತಪ್ಪುತ್ತದೆ. ಎಷ್ಟು ತಪ್ಪಿತು ಎಂದು ಹೇಳಬೇಕಾದರೆ, ಬಾಯ್ಲರ್ ಬಾರದಿದ್ದರೆ ಏನಾಗುತ್ತಿತ್ತು ಎಂಬುದನ್ನು ಮೊದಲು ತೋರಿಸಬೇಕು. ತೋರಿಸಲು ನಮ್ಮ ಬಳಿ ಇದ್ದದ್ದು ಆ ಗಬ್ಬು ನಾರುವ ಗುಡ್ಡ ಒಂದೇ.

ಅನಿಲ ತಪ್ಪಿಸಿದ್ದಕ್ಕೆ ಸಿಗುವ ಕಾರ್ಬನ್ ಕ್ರೆಡಿಟ್ ಹಣವನ್ನು ನಂಬಿಯೇ ಬಾಯ್ಲರ್ ತರಬೇಕಿತ್ತು. ಪರಿಶೀಲನೆಗೆ ಬರುವವರು ನಮ್ಮ ಲೆಕ್ಕ ಒಪ್ಪಿದರೆ ಹೊಸ ಬಾಯ್ಲರ್, ಇಲ್ಲದಿದ್ದರೆ ಮಿಲ್ಲಿಗೆ ಬೀಗ ಎಂದು ಮಾಲೀಕರು ಹೇಳಿಬಿಟ್ಟಿದ್ದರು. ಹಳೆಯ ಬಾಯ್ಲರ್ ಮಾತುಮಾತಿಗೆ ಕೆಡುತ್ತಿತ್ತು. ತಾಳೆಹಣ್ಣು ತೆಂಗಿನಕಾಯಿಯ ಹಾಗಲ್ಲ, ಕೊಯ್ದ ಮೇಲೆ ಕಾಯುವುದಿಲ್ಲ. ಬೇಗ ಹಬೆಯಲ್ಲಿ ಬೇಯಿಸದಿದ್ದರೆ ಕೆಟ್ಟುಹೋಗುತ್ತದೆ. ಹೆಮ್ಮಿಗೆಯ ನಮ್ಮ ಮಾವ ನನ್ನ ಮಾತು ನಂಬಿ ಕಬ್ಬು ಬಿಟ್ಟು ತಾಳೆ ಹಾಕಿದ್ದರು. ಅವರನ್ನು ನೋಡಿ ಪಕ್ಕದ ಹೊಲದವರೂ ಹಾಕಿದ್ದರು. ಮಿಲ್ಲು ಮುಚ್ಚಿದರೆ ಅವರ ಮುಖ ಹೇಗೆ ನೋಡಲಿ ಎಂಬ ಯೋಚನೆಯಲ್ಲೇ ನನಗೆ ಅನ್ನ ಸೇರುತ್ತಿರಲಿಲ್ಲ.

ಶನಿವಾರ ಊಟ ಬಡಿಸುತ್ತಾ, ಸೋಮವಾರ ಬೆಂಗಳೂರಿನ ಸಾಹೇಬರು ನಮ್ಮ ರಾಶಿ ನೋಡಲು ಬರುತ್ತಾರೆ, ಅವರು ಹೂಂ ಅಂದರೆ ಬದುಕಿಕೊಂಡೆವು ಎಂದೆ. ಆ ಗಬ್ಬನ್ನು ನೋಡಲಿಕ್ಕಾ ಎಂದು ಕೇಳಿದ ಮಾವ ಬೇಗ ಉಂಡು ಎದ್ದರು. ನಾನು ಭಾನುವಾರ ನಂಜನಗೂಡಿನ ತವರಿಗೆ ಹೋಗಿ, ಸೋಮವಾರ ಬೆಳಿಗ್ಗೆ ಅಲ್ಲಿಂದಲೇ ಬಸ್ಸು ಹಿಡಿದು ಮಿಲ್ಲಿಗೆ ಬಂದೆ.

ಹಿಂದಕ್ಕೆ ಹೋಗಿ ನೋಡುತ್ತೇನೆ, ರಾಶಿಯೇ ಇಲ್ಲ! ನೆಲ ಗುಡಿಸಿ ನೀರು ಚಿಮುಕಿಸಿದ್ದರು. ಎರಡು ಕಡೆ ಬ್ಲೀಚಿಂಗ್ ಪೌಡರಿನ ಗೆರೆ, ನಡುವೆ ರಂಗೋಲಿ. ಮಾವ ಬಿಳಿ ಪಂಚೆಯುಟ್ಟು ಮದುವೆ ಮನೆಯ ಯಜಮಾನರಂತೆ ನಿಂತಿದ್ದರು. ಸಾಹೇಬರು ಬಂದರೆ ಹಿತ್ತಲು ಗುಡಿಸಬೇಕು ಎಂಬುದು ನಮ್ಮ ಕಡೆ ಹೆತ್ತವರು ಹೇಳಿಕೊಡದೆಯೇ ಬರುವ ಬುದ್ಧಿ. ಊರಿನ ಟ್ರಾಕ್ಟರುಗಳನ್ನೆಲ್ಲ ಕರೆತಂದು, ಮಿಲ್ಲಿನ ಮೇಸ್ತ್ರಿಯನ್ನೂ ಸೇರಿಸಿಕೊಂಡು, ಭಾನುವಾರವಿಡೀ ಜೆಸಿಬಿಯಲ್ಲಿ ಬಾಚಿ ತಮ್ಮ ಹೊಲದ ಬದಿಗೆ ಸಾಗಿಸಿದ್ದರು.

"ನಿನ್ನ ಮರ್ವಾದೆ ಉಳಿಸಿದೀವಿ ಕಣವ್ವ" ಎಂದರು.

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು. ಸಿಟ್ಟು ನೆತ್ತಿಗೇರಿತು, ಅಳುವೂ ಬಂತು. ಮಾವನನ್ನು ಬೈಯಲುಂಟೇ? ಬೈಯಬೇಕೆಂದರೂ ಹೊತ್ತಿರಲಿಲ್ಲ, ಗೇಟಿನಲ್ಲಿ ಕಾರು ನಿಂತಾಗಿತ್ತು.

ಬಂದವರು ವಯಸ್ಸಾದ ಮೆತ್ತಗಿನ ಮನುಷ್ಯ. ರಂಗೋಲಿ ತುಳಿಯದಂತೆ ಸುತ್ತಿ ಬಂದು, ರಾಶಿ ಎಲ್ಲಿ ಎಂದು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಮಾವ ಮುಂದೆ ಬಂದರು.

"ಕೊಳೆಯಾಕ್ ಯಾಕ್ ಬುಡ್ತೀವಿ ಸಾ? ಒಂದ್ ಗೊನೆನೂ ದಂಡ ಮಾಡಲ್ಲ. ಅವತ್ತಿಂದವತ್ತೇ ಒಲಕ್ಕೆ ಒಯ್ದು ತೆಳ್ಳಗೆ ಅರಡ್ತೀವಿ."

ಬಯಲಿನಲ್ಲಿ ತೆಳ್ಳಗೆ ಹರಡಿದರೆ ಆ ಅನಿಲವೇ ಹುಟ್ಟುವುದಿಲ್ಲ. ಅನಿಲವಿಲ್ಲದಿದ್ದರೆ ತಪ್ಪಿಸುವುದೇನು, ಹೊಸ ಬಾಯ್ಲರ್ ಯಾಕೆ? ಸಾಹೇಬರು ಆಗಲೇ ಪೆನ್ನು ತೆಗೆದಿದ್ದರು. ಮಾವ ಹೇಳಿದ್ದು ಸುಳ್ಳು. ಬೇಕೆಂದು ಆಡಿದ ಸುಳ್ಳಲ್ಲ, ಹೊರಗಿನವರ ಮುಂದೆ ಮನೆಯ ಕೊಳೆ ಮುಚ್ಚುವ ಮಾತು. ಮದುವೆಯಾದಾಗಿನಿಂದ ಅವರೆದುರು ನಾನು ಗಟ್ಟಿಯಾಗಿ ಕೆಮ್ಮಿದವಳೂ ಅಲ್ಲ. ಸುತ್ತ ಊರಿನವರು ನಿಂತಿದ್ದರು.

"ಸರ್, ನಮ್ಮ ಮಾವ ಹೇಳ್ತಿರೋದು ನಿಜ ಅಲ್ಲ" ಎಂದೆ. "ವರ್ಷಗಟ್ಟಲೆ ಇಲ್ಲೇ ಕೊಳೀತಿತ್ತು. ನಿನ್ನೆ ಎತ್ತಿಸಿದ್ದಾರೆ."

ಮಾವ ನನ್ನನ್ನು ನೋಡಲಿಲ್ಲ, ಬ್ಲೀಚಿಂಗ್ ಪೌಡರಿನ ಗೆರೆ ನೋಡುತ್ತಾ ನಿಂತರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ. ಸಾಹೇಬರು ಇಬ್ಬರ ಮುಖವನ್ನೂ ನೋಡಿ, ಯಾರ ಮಾತು ನಂಬಲಿ ಎಂದು ಕೇಳಿದರು.

ಮಾವ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, ಬನ್ನಿ ಎಂದು ಕಾರಿನತ್ತ ನಡೆದರು. ಹೊಲದ ಬದಿಯಲ್ಲಿ ಟ್ರಾಕ್ಟರುಗಳು ಸುರಿದು ಹೋದ ಗುಡ್ಡೆಗಳು ಹಾಗೇ ಇದ್ದವು. ಮೇಲಿನ ಗೊನೆಗಳು ಬಿಸಿಲಿಗೆ ಒಣಗಿದ್ದವು. ಮಾವ ಅಂಗಿಯ ತೋಳು ಮಡಚಿ, ಮೊಣಕೈವರೆಗೆ ಬಲಗೈ ತೂರಿಸಿ, ಒಳಗಿನಿಂದ ಕಪ್ಪು ಲೋಳೆಯನ್ನು ಹಿಡಿಯಷ್ಟು ಬಾಚಿ ಸಾಹೇಬರ ಮುಂದೆ ಹಿಡಿದರು. ನಾತಕ್ಕೆ ಸಾಹೇಬರು ಕರವಸ್ತ್ರ ತೆಗೆದರು.

"ನಮ್ಮ ಸೊಸೆ ಏಳಿದ್ದೇ ನಿಜ ಸಾ. ನಾನು ಮರ್ವಾದೆಗೆ ಅಂಗಂದೆ."

ಆ ಕೈಯನ್ನು ಸಾಹೇಬರು ಸಾಕು ಎನ್ನುವವರೆಗೂ ಅವರು ಇಳಿಸಲಿಲ್ಲ.

ಸಾಹೇಬರು ಲೋಳೆಯನ್ನು ಡಬ್ಬಿಗೆ ತುಂಬಿಸಿಕೊಂಡು, ಅಕ್ಕಪಕ್ಕದ ರೈತರನ್ನೂ ಟ್ರಾಕ್ಟರಿನವರನ್ನೂ ಬೇರೆಬೇರೆಯಾಗಿ ವಿಚಾರಿಸಿ ಹೋದರು. ಒಪ್ಪಿಗೆ ಬರುವವರೆಗೆ ನಾನು ಬದುಕಿದ್ದೂ ಸತ್ತಂತಿದ್ದೆ. ಕೊನೆಗೆ ಬಂತು, ಬಾಯ್ಲರೂ ಬಂತು. ಆದರೆ ಆ ದಿನ ನೆನೆದರೆ ನನಗೆ ಕಾಣುವುದು ಬಾಯ್ಲರಲ್ಲ.

ಅಂದು ಸಂಜೆ ಮಾವ ಬಚ್ಚಲ ಕಲ್ಲಿನ ಬಳಿ ಕೈ ಚಾಚಿದರು, ನಾನು ಚೊಂಬಿನಲ್ಲಿ ನೀರು ಹುಯ್ದೆ. ಸೋಪು, ಸೀಗೆಪುಡಿ, ಹುಣಸೆಹಣ್ಣು, ಯಾವುದಕ್ಕೂ ಆ ನಾತ ಜಗ್ಗಲಿಲ್ಲ. ತಪ್ಪಾಯಿತು ಎನ್ನುವ ಬದಲು ನಾನು ಇನ್ನೊಂದು ಚೊಂಬು ನೀರು ಹುಯ್ದೆ. ಊಟಕ್ಕೆ ಕೂತಾಗ ತಟ್ಟೆಯ ಹತ್ತಿರ ತಂದ ಕೈಯನ್ನು ಹಿಂದಕ್ಕೆಳೆದುಕೊಂಡು, ಒಂದು ಚಮಚ ಕೊಡು ಎಂದರು. ಹುಟ್ಟಿದಾಗಿನಿಂದ ಮುದ್ದೆ ಮುರಿದು ನುಂಗಿದ ಮನುಷ್ಯ ಎಡಗೈಯಲ್ಲಿ ಚಮಚ ಹಿಡಿದು ಕೂತದ್ದನ್ನು ಕಂಡು ಅತ್ತೆಗೆ ಗಾಬರಿ. ಮಿಲ್ಲಿನಲ್ಲಿ ಏನಾಯಿತು ಎಂದು ನನ್ನ ಕಡೆಗೂ ಅವರ ಕಡೆಗೂ ನೋಡಿದರು. ನಾನು ಸಾರಿನ ಸೌಟು ಹಿಡಿದು ನಿಂತಿದ್ದೆ.

"ಏನಿಲ್ಲ ಕಣೆ, ಗೊಬ್ರ ಮುಟ್ಟಿದ್ದೆ" ಎಂದ ಮಾವ, ಸಾರು ಬಡಿಸಲು ನನಗೆ ತಟ್ಟೆ ಮುಂದೆ ತಳ್ಳಿದರು.