ತೋಳಿನೊಳಗಿನ ಮಡಿಕೆ

ನಮ್ಮಣ್ಣನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಊರಿನವರು ಅವನಿಗೆ ಡಂಗುರ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಬಂದವರ ಸೊಂಟಕ್ಕೆ ಟೇಪು ಸುತ್ತುವಷ್ಟರಲ್ಲಿ ಅವರ ಮನೆಯ ಸುದ್ದಿ ಅವನೊಳಗೆ ಹೋಗಿರುತ್ತಿತ್ತು. ಬಟ್ಟೆ ಹೊಲಿದು ಕೊಡುವ ಮೊದಲೇ ಆ ಸುದ್ದಿ ಬೀದಿಗೆ ಬಂದಿರುತ್ತಿತ್ತು. ಅವನು ಟೈಲರ್. ನಾನು ಅವನ ತಂಗಿ, ಅದೇ ಅಂಗಡಿಯಲ್ಲಿ ಕಾಜಾ ಹೊಲಿಯುವವಳು, ಗುಂಡಿ ಹಚ್ಚುವವಳು, ಅವನು ಆಡಿದ ಮಾತಿಗೆ ಬೈಸಿಕೊಳ್ಳುವವಳು. ಅಂಥ ಮನುಷ್ಯ ಒಂದು ಮಾತನ್ನು ನುಂಗಿಕೊಂಡ ಕಥೆ ಇದು. ಬರೆಯಬಹುದು ಎಂದು ಹೇಳಬೇಕಾದವರು ಹೇಳಿದ ಮೇಲೆಯೇ ಬರೆಯುತ್ತಿದ್ದೇನೆ.

ನಮ್ಮ ಅಂಗಡಿಗೆ ಅಂಟಿಕೊಂಡೇ ಇಸ್ತ್ರಿ ಅಕ್ಕನ ಅಂಗಡಿ. ಗೋಡೆ ಒಂದೇ. ಅವಳು ಅಲ್ಲಿ ಇಸ್ತ್ರಿ ಪೆಟ್ಟಿಗೆ ಕುಕ್ಕಿದರೆ ಇಲ್ಲಿ ನಮ್ಮ ದಾರದ ಉಂಡೆಗಳು ಅಲ್ಲಾಡುತ್ತಿದ್ದವು. ಗಂಡ ಇಲ್ಲ, ಒಬ್ಬಳೇ ಮಗಳು. ಹದಿನೈದು ವರ್ಷದ ಆ ಹುಡುಗಿ ಎಷ್ಟು ಬೇಗ ಬೆಳೆಯುತ್ತಿದ್ದಳೆಂದರೆ ಅಣ್ಣ ಅವಳನ್ನು ಬಿದಿರು ಎಂದೇ ಕರೆಯುತ್ತಿದ್ದ. ಮೂರು ತಿಂಗಳಿಗೊಮ್ಮೆ ಲಂಗದ ಅಂಚು ಬಿಚ್ಚಿಸಲು ಬಂದು ನಿಲ್ಲುತ್ತಿದ್ದಳು. ಅವಳಿಗೊಂದು ದಪ್ಪ ನೀಲಿ ಬಟ್ಟೆಯ ಜಾಕೀಟು ಹೊಲಿದಾಗ ಅಣ್ಣನಿಗೆ ಸಾಕಾಗಿ ಹೋಯಿತು.

"ಏನೇ ಬಿದಿರು, ನಿನ್ನ ಜೊತೆ ಓಡೋಕೆ ನನ್ನ ಕತ್ತರಿಗೆ ಆಗಲ್ಲ. ತೋಳಿನ ಒಳಗೆ ಎರಡು ಬೆರಳು ಬಟ್ಟೆ ಮಡಚಿ ಬಿಟ್ಟಿದೀನಿ. ಗಿಡ್ಡ ಆದಾಗ ನೀನೇ ಹೊಲಿಗೆ ಬಿಚ್ಚಿ ಕೆಳಗೆಳ್ಕೋ. ನನ್ನ ತಲೆ ತಿನ್ನಬೇಡ."

"ಅದಿರಲಿ ಮಾಮ, ನೀಲಿ ಜಾಕೀಟಿಗೆ ಕಂದು ಜಿಪ್ಪು ಯಾಕೆ ಹಾಕಿದ್ರಿ?"

"ನೀಲಿ ಜಿಪ್ಪು ಮುಗಿದಿತ್ತು. ನೋಡಿದವರು ಫ್ಯಾಷನ್ನು ಅಂದ್ಕೋತಾರೆ ಬಿಡು."

ಎರಡು ದಿನ ಮುಖ ಊದಿಸಿಕೊಂಡಿದ್ದಳು. ಆಮೇಲೆ ಆ ಜಾಕೀಟು ಮೈಮೇಲಿಂದ ಇಳಿಯಲೇ ಇಲ್ಲ.

ಎದುರುಗಡೆ ಗಡಿಯಾರದ ಅಜ್ಜನ ಅಂಗಡಿ. ಕಣ್ಣಿಗೆ ಒಂದು ಭೂತಗನ್ನಡಿ ಸಿಕ್ಕಿಸಿಕೊಂಡು ಬಾಗಿ ಕೂತ ಆ ಮುದುಕ ಯಾರ ತಂಟೆಗೂ ಹೋದವನಲ್ಲ. ಒಂದು ಸಂಜೆ, ದೀಪ ಹಚ್ಚುವ ಹೊತ್ತಿಗೆ, ಅವನನ್ನು ಅವನ ಅಂಗಡಿಯೊಳಗೇ ಯಾರೋ ತಲೆಗೆ ಹೊಡೆದು ಕೊಂದರು. ಒಂದು ಕೈಗಡಿಯಾರವೂ ಕಳುವಾಗಿರಲಿಲ್ಲ. ಅವನಿಗೆ ಇಸ್ತ್ರಿ ಬಟ್ಟೆ ಕೊಟ್ಟು ಬರುತ್ತೇನೆಂದು ಹೊರಟ ಬಿದಿರು ಅವತ್ತಿನಿಂದ ನಾಪತ್ತೆ. ಬಾಗಿಲ ಹತ್ತಿರ ನಾಲ್ಕು ಷರಟು ಚೆಲ್ಲಿದ್ದವು, ಅಷ್ಟೇ. ಪೊಲೀಸರು ಬಂದರು, ಬರೆದುಕೊಂಡರು, ನಾಯಿ ತಂದರು. ನಾಯಿ ನಮ್ಮ ಅಂಗಡಿಯ ಚಿಂದಿ ಚೀಲದ ಮೇಲೆ ಮಲಗಿ ಎದ್ದು ಹೋಯಿತು.

ಪೊಲೀಸರಿಗೆ ಸಿಗದ ಕೊಲೆಗಾರ ಫೋನಿನೊಳಗೆ ದಿನಕ್ಕೊಬ್ಬ ಸಿಕ್ಕತೊಡಗಿದ. ಯಾರೋ ಒಂದು ಗ್ರೂಪು ಮಾಡಿದರು. ವಾರದಲ್ಲಿ ನೂರು ಜನ, ತಿಂಗಳಲ್ಲಿ ನಾಲ್ಕು ಸಾವಿರ. ನಮ್ಮ ಊರು ಯಾವ ದಿಕ್ಕಿನಲ್ಲಿದೆ ಎಂದು ತಿಳಿಯದವರೂ ನಮ್ಮ ಬೀದಿಯ ನಕ್ಷೆ ಬರೆದು ಬಾಣದ ಗುರುತು ಹಾಕಿದರು. ಹುಡುಗಿಯನ್ನೂ ಕೊಂದು ಕಲ್ಲುಕ್ವಾರಿಗೆ ಎಸೆದಿದ್ದಾರೆ ಎಂದು ಒಂದು ಪಕ್ಷ. ಹುಡುಗಿಯೇ ಅಜ್ಜನನ್ನು ಕೊಂದು ಓಡಿಹೋದಳು ಎಂದು ಇನ್ನೊಂದು ಪಕ್ಷ. ತಾಯಿ ಬೀದಿಯಲ್ಲಿ ಅಳುತ್ತಿಲ್ಲ, ಎಂದಿನಂತೆ ಇಸ್ತ್ರಿ ಮಾಡುತ್ತಿದ್ದಾಳೆ, ಅಂದಮೇಲೆ ಏನೋ ಮುಚ್ಚಿಡುತ್ತಿದ್ದಾಳೆ ಎಂದೂ ಬರೆದರು. ಅಳುತ್ತಾ ಕೂತರೆ ಹೊಟ್ಟೆಗೆ ಇವರು ಹಾಕುತ್ತಿದ್ದರೇ? ನನಗೆ ಮೈಯೆಲ್ಲ ಉರಿಯುತ್ತಿತ್ತು. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಜನ!

ಆ ಜನರಲ್ಲಿ ನಮ್ಮಣ್ಣನೇ ಮೊದಲಿಗ. ಮುಚ್ಚಿಟ್ಟು ಏನು ಪ್ರಯೋಜನ? ಅವನಿಗಂತೂ ಹಬ್ಬ. ಎದುರು ಅಂಗಡಿಯವನು, ಅಜ್ಜನನ್ನೂ ಹುಡುಗಿಯನ್ನೂ ದಿನಾ ಕಂಡವನು, ಗ್ರೂಪಿನಲ್ಲಿ ಅವನ ಮಾತಿಗೆ ಬೆಲೆಯೋ ಬೆಲೆ. ಒಂದು ಕಾಲು ಮೆಷಿನ್ನಿನ ಮೇಲೆ, ಒಂದು ಕಣ್ಣು ಫೋನಿನ ಮೇಲೆ. ಒಬ್ಬರ ಷರಟಿಗೆ ಎರಡು ಎಡತೋಳು ಹೊಲಿದಿಟ್ಟ. ಒಂದು ದಿನ ಹೀಗೆ ಬರೆದ: ಕೊಲೆಯ ಹಿಂದಿನ ದಿನ ಇಸ್ತ್ರಿ ಅಂಗಡಿಯ ಮುಂದೆ ಒಂದು ಕೆಂಪು ಬೈಕು ನಿಂತಿತ್ತು, ಹುಡುಗಿಗೆ ಒಬ್ಬ ಗೆಳೆಯ ಇದ್ದಿರಬಹುದು, ಇಬ್ಬರೂ ಸೇರಿ ಮಾಡಿರಬಹುದು. ಆರುನೂರು ಲೈಕು ಬಂದವು. ಆ ಕೆಂಪು ಬೈಕು ಯಾರದು ಗೊತ್ತೇ? ನಮ್ಮಲ್ಲೇ ಪ್ಯಾಂಟಿನ ಅಳತೆ ಕೊಡಲು ಬಂದಿದ್ದ ಗ್ಯಾಸ್ ಸಿಲಿಂಡರಿನವನದು. ನಾನು ಹಾಗೆಂದರೆ, "ಇರಬಹುದು ಅಂತ ತಾನೇ ಬರೆದಿದ್ದು" ಎಂದ. ನಾನು ಒಂದು ವಾರ ಅವನಿಗೆ ಟೀ ಕೊಡಲಿಲ್ಲ.

ಹನ್ನೊಂದು ತಿಂಗಳು ಕಳೆದವು. ಒಂದು ಮಧ್ಯಾಹ್ನ ಗ್ರೂಪಿನಲ್ಲಿ ಯಾರೋ ಒಂದು ವಿಡಿಯೋ ಹಾಕಿದರು. ಬಹುದೂರದ ಯಾವುದೋ ದೊಡ್ಡ ಊರಿನ ತರಕಾರಿ ಮಾರುಕಟ್ಟೆ, ಹಿಂದಿನ ವಾರ ತೆಗೆದದ್ದು. ಜನಜಂಗುಳಿಯ ನಡುವೆ ಟೊಮೆಟೊ ಪೆಟ್ಟಿಗೆ ಎತ್ತಿಕೊಂಡು ಒಬ್ಬಳು ಅಡ್ಡ ಹೋಗುತ್ತಾಳೆ. ಮೂರೇ ಸೆಕೆಂಡು. ಮುಖ ಕಾಣುವುದಿಲ್ಲ. ಮೈಮೇಲೆ ನೀಲಿ ಜಾಕೀಟು, ತಿರುಗುವಾಗ ಕಂದು ಜಿಪ್ಪಿನ ತುದಿ. ಇವಳೇನಾ ಎಂದು ಕೇಳಿದ್ದರು. ಗ್ರೂಪಿನ ಪಂಡಿತರು ಹಳೆಯ ಫೋಟೋ ಪಕ್ಕಕ್ಕಿಟ್ಟು, ಗೆರೆ ಎಳೆದು ಅಳೆದು, ಅರ್ಧ ಗಂಟೆಯಲ್ಲಿ ತೀರ್ಪು ಕೊಟ್ಟೇಬಿಟ್ಟರು. ಕಾಣೆಯಾದವಳ ಜಾಕೀಟಿನ ತೋಳಿಗಿಂತ ಇವಳ ಜಾಕೀಟಿನ ತೋಳು ಎರಡು ಬೆರಳು ಉದ್ದ. ಇದು ಬೇರೆ ಜಾಕೀಟು, ಬೇರೆ ಹುಡುಗಿ. ಮುಂದಿನ ಮಾತಿಗೆ ನಡೆಯಿರಿ.

ಎಲ್ಲರೂ ನಡೆದರು. ನಮ್ಮಣ್ಣನ ಮೆಷಿನ್ನು ಮಾತ್ರ ಗಕ್ಕನೆ ನಿಂತಿತು.

"ತಂಗೀ, ಬಾ ಇಲ್ಲಿ. ಈ ತೋಳು ನೋಡು."

ಫೋನಿನ ಚಿತ್ರವನ್ನು ಎರಡು ಬೆರಳಲ್ಲಿ ದೊಡ್ಡದು ಮಾಡಿದ. ತೋಳೆಲ್ಲ ಮಾಸಿದ ನೀಲಿ. ತುದಿಯಲ್ಲಿ ಮಾತ್ರ ಎರಡು ಬೆರಳಗಲ ಕಡುನೀಲಿ ಪಟ್ಟಿ, ಎರಡರ ನಡುವೆ ಒಂದು ಗೆರೆ. ಮೂವತ್ತು ವರ್ಷ ಬಟ್ಟೆಯ ಅಂಚು ಬಿಚ್ಚಿದವಳು ನಾನು. ಒಳಗೆ ಮಡಿಚಿದ ಬಟ್ಟೆ ಬಿಸಿಲು ಕಂಡಿರುವುದಿಲ್ಲ, ಬಿಚ್ಚಿದಾಗ ಹೊಸದರ ಹಾಗೇ ಇರುತ್ತದೆ.

"ಮಡಿಕೆ ಬಿಚ್ಚಿದಾಳೆ ಕಣೇ!" ಅಣ್ಣನ ದನಿ ಕೀರಲಾಯಿತು. "ತೋಳು ಗಿಡ್ಡ ಆಗಿದೆ, ಬಿಚ್ಚಿದಾಳೆ! ಸತ್ತವರು ಎಲ್ಲಾದ್ರೂ ಉದ್ದ ಆಗ್ತಾರಾ? ಬಿದಿರು ಬದುಕಿದಾಳೆ!"

ನನಗೆ ಕೂಗಬೇಕೆನಿಸಿತು, ಕುಣಿಯಬೇಕೆನಿಸಿತು. ಅಣ್ಣನ ಹೆಬ್ಬೆರಳುಗಳು ಆಗಲೇ ಫೋನಿನ ಮೇಲೆ ಓಡುತ್ತಿದ್ದವು. ಎಲ್ಲ ಪಂಡಿತರ ಬಾಯಿ ಮುಚ್ಚಿಸುವ ಸುದ್ದಿ! ನಾಲ್ಕು ಸಾವಿರ ಜನ ತಲೆಕೆಳಗಾಗಿ ನಿಂತರೂ ಕಾಣದ್ದು ಒಬ್ಬ ಟೈಲರಿನ ಕಣ್ಣಿಗೆ ಕಂಡಿತ್ತು. ಮಾರುಕಟ್ಟೆಯ ಹೆಸರು ಸಮೇತ ಬರೆದು ಮುಗಿಸಿದ್ದ. ಕಳಿಸುವ ಗುಂಡಿ ಒತ್ತುವುದೊಂದೇ ಬಾಕಿ.

ನಾನು ಅವನ ಕೈ ಹಿಡಿದೆ. "ಅಣ್ಣ, ಈ ಗ್ರೂಪಲ್ಲಿ ನಮ್ಮೂರವರು ಎಷ್ಟು ಜನ ಇದಾರೆ?"

"ಫೋನು ಇರೋರೆಲ್ಲ ಇದಾರೆ. ಯಾಕೆ?"

"ಅಜ್ಜನ್ನ ಕೊಂದವನು ಅದರಲ್ಲಿ ಇಲ್ಲ ಅಂತ ನೀನು ಬರೆದುಕೊಡ್ತೀಯಾ?"

ಅಣ್ಣನ ಹೆಬ್ಬೆರಳು ಗುಂಡಿಯಿಂದ ಹಿಂದೆ ಸರಿಯಿತು. ಹುಡುಗಿ ಸುಮ್ಮನೆ ಊರು ಬಿಟ್ಟಿರಲಾರಳು. ಏನನ್ನೋ ನೋಡಿಯೇ ಓಡಿರಬೇಕು. ಅವಳು ಬದುಕಿರುವುದು ಯಾರಿಗೂ ಗೊತ್ತಾಗದಷ್ಟು ದಿನ ಅವಳು ಕ್ಷೇಮ. ಎಲ್ಲಿದ್ದಾಳೆಂದು ನಾವೇ ಡಂಗುರ ಹೊಡೆದರೆ ಅವಳಮ್ಮನಿಗಿಂತ ಮೊದಲು ಆ ಕೊಲೆಗಾರ ಬಸ್ಸು ಹತ್ತುತ್ತಾನೆ. ಇದೆಲ್ಲ ಅಣ್ಣನ ಮುಖದಲ್ಲಿ ಒಂದೊಂದಾಗಿ ಮೂಡಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅಮ್ಮ ಅವನ ಬೆನ್ನಿಗೆ ಗುದ್ದಿ ಗುದ್ದಿ ಹೇಳುತ್ತಿದ್ದಳು. ಆ ಗುದ್ದು ಐವತ್ತೆರಡನೇ ವಯಸ್ಸಿನಲ್ಲಿ ತಾಕಿತು. ಬರೆದದ್ದನ್ನೆಲ್ಲ ಅಳಿಸಿದ. ಫೋನು ಹಿಡಿದು ಪಕ್ಕದ ಅಂಗಡಿಗೆ ನಡೆದ, ಹಿಂದೆಯೇ ನಾನು.

ಇಸ್ತ್ರಿ ಅಕ್ಕ ಚಿತ್ರ ನೋಡಿದಳು. ಮೊದಲು ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು, ಜೀವಮಾನದ ಅಭ್ಯಾಸ. ಆಮೇಲೆ ಬಟ್ಟೆ ಗಂಟಿನ ಮೇಲೆ ಕುಸಿದು ಕೂತಳು.

"ಅಣ್ಣಾ, ಅವಳು ಹೋದ ದಿನ ಬೆಳಿಗ್ಗೆ ಈ ತೋಳು ನಾನೇ ಇಸ್ತ್ರಿ ಮಾಡಿದ್ದು. ಮಡಿಕೆ ಒಳಗೇ ಇತ್ತು. ಈ ಕೈಯಾರೆ ಒತ್ತಿದೀನಿ."

ಹಾಗಾದರೆ ಬಿಚ್ಚಿದ್ದು ಆ ಸಂಜೆಯ ನಂತರವೇ! ಅಣ್ಣನಿಗೆ ಈಗ ಹೆದರಿಕೆ ಹತ್ತಿತು. "ಅಕ್ಕಾ, ಜಾಕೀಟು ಅದೇ. ಹಾಕ್ಕೊಂಡಿರೋಳು ಇನ್ಯಾರೋ ಆಗಿದ್ರೆ?"

"ಆಗಿದ್ರೆ ಆ ಇನ್ಯಾರನ್ನೋ ಹಿಡಿದು ಕೇಳ್ತೀನಿ, ಎಲ್ಲಿ ಸಿಕ್ತು ಅಂತ" ಎಂದು ಎದ್ದಳು. ಹಳೇ ಇಸ್ತ್ರಿ ಪೆಟ್ಟಿಗೆ ಕೊಳ್ಳಲು ಹೋಗುತ್ತೇನೆಂದು ಬೀದಿಗೆಲ್ಲ ಕೇಳುವಂತೆ ಹೇಳಿ ಮರುದಿನ ಬೆಳಿಗ್ಗೆಯ ಬಸ್ಸು ಹತ್ತಿದಳು.

ಆ ಆರು ದಿನ ನಮ್ಮಣ್ಣನನ್ನು ನೀವು ನೋಡಬೇಕಿತ್ತು. ಅಕ್ಕನ ಗಿರಾಕಿಗಳ ಬಟ್ಟೆಗೆ ತಾನೇ ಇಸ್ತ್ರಿ ಹಾಕುತ್ತೇನೆಂದು ಮೇಷ್ಟರ ಎರಡು ಷರಟು ಸುಟ್ಟ. ಅಳತೆಗೆ ಬಂದವರು ಕೊಲೆಯ ವಿಷಯ ಎತ್ತಿದರೆ ಬಾಯಿಗೆ ಗುಂಡುಸೂಜಿ ಕಚ್ಚಿಕೊಂಡು "ಹೂಂ, ಹೂಂ" ಅನ್ನುತ್ತಿದ್ದ. ಗ್ರೂಪಿನಲ್ಲಿ ಒಂದಕ್ಷರ ಬರೆಯಲಿಲ್ಲ. ಜನ ಸುಮ್ಮನಿರುತ್ತಾರೆಯೇ? ಡಂಗುರ ಯಾಕೆ ಗಪ್‌ಚುಪ್ಪು ಎಂದು ಒಬ್ಬ ಕೇಳಿದ. ಅಜ್ಜನ ಅಂಗಡಿಗೆ ಎದುರಿದ್ದವನು ಅವನೇ ಅಲ್ಲವೇ ಎಂದು ಇನ್ನೊಬ್ಬ. ಮೂರನೆಯ ದಿನ ಅವನ ಫೋಟೋಕ್ಕೆ ಕೆಂಪು ವೃತ್ತ ಬಿತ್ತು. ಅಣ್ಣನ ಕೈಯಲ್ಲಿದ್ದ ದೊಡ್ಡ ಕತ್ತರಿಗೆ ಬಾಣದ ಗುರುತು. ಐದನೆಯ ದಿನ ಗಿರಾಕಿಗಳು ಹೊಲಿಯದ ಬಟ್ಟೆ ವಾಪಸು ಕೇಳತೊಡಗಿದರು. ಅಣ್ಣ ಒಂದೂ ಮಾತಾಡದೆ ಮಡಿಚಿ ಕೊಟ್ಟ.

ಏಳನೆಯ ದಿನ ಬೆಳಿಗ್ಗೆ ಇಸ್ತ್ರಿ ಅಕ್ಕ ಬಂದಳು. ಒಬ್ಬಳೇ. ನಮ್ಮ ಅಂಗಡಿಯ ಒಳಗೆ ಬಂದು ಬಾಗಿಲು ಅರ್ಧ ಮುಚ್ಚಿದಳು. ಚೀಲದಿಂದ ನೀಲಿ ಜಾಕೀಟು ತೆಗೆದು ಕಟಿಂಗ್ ಮೇಜಿನ ಮೇಲಿಟ್ಟಳು. ಬರೀ ಜಾಕೀಟು! ಅಣ್ಣ ಗೋಡೆಗೆ ಕೈ ಕೊಟ್ಟು ನಿಂತ.

"ತೋಳು ಮತ್ತೆ ಗಿಡ್ಡ ಆಗಿದೆಯಂತೆ ಅಣ್ಣಾ" ಎಂದಳು ಅಕ್ಕ. "ಇನ್ನೂ ಎರಡು ಬೆರಳು ಬೇಕಂತೆ."

ನಾನು ಅತ್ತೆ, ನಕ್ಕೆ, ಅಕ್ಕನನ್ನು ತಬ್ಬಿಕೊಂಡೆ. ಅವಳು ಪಿಸುದನಿಯಲ್ಲಿ ಎಲ್ಲ ಹೇಳಿದಳು. ಹುಡುಗಿ ಆ ಮಾರುಕಟ್ಟೆಯಲ್ಲೇ ಸಿಕ್ಕಿದ್ದಳು. ಬಿದಿರು ನೋಡಿದ್ದು ಕೊಂದವನ ಬೆನ್ನು. ಅವನು ಗಡಿಯಾರದ ಗಾಜಿನಲ್ಲಿ ನೋಡಿದ್ದು ಇವಳ ಮುಖ. ಸಿಕ್ಕ ಲಾರಿ ಹತ್ತಿ ಓಡಿದ್ದಾಳೆ. ಈಗ ಆ ಊರಿನ ದೊಡ್ಡ ಪೊಲೀಸ್ ಅಧಿಕಾರಿಯ ಮುಂದೆ ತಾಯಿ ಮಗಳು ಕೂತು ಎಲ್ಲ ಬರೆಸಿದ್ದಾರೆ. ಕೊಂದವನು ಸಿಗುವವರೆಗೆ ಅವಳು ಅಲ್ಲೇ ಇರಲಿ, ಯಾರಿಗೂ ಉಸಿರೆತ್ತಬೇಡಿ ಎಂದಿದ್ದಾರೆ.

"ಮೊದಲೇ ಒಂದು ಫೋನು ಮಾಡಬಾರದಾಗಿತ್ತಾ ಹುಡುಗಿ?" ಎಂದ ಅಣ್ಣ.

ಅಕ್ಕ ಜಾಕೀಟಿನ ಸುಕ್ಕು ನೀವಿದಳು. "ಗ್ರೂಪಲ್ಲಿ ಬರೆದದ್ದೆಲ್ಲ ಯಾರದೋ ಫೋನಲ್ಲಿ ಓದ್ತಿದ್ದಳಂತೆ ಅಣ್ಣಾ. ಕೆಂಪು ಬೈಕಿನ ಮಾತೂ ಓದಿದಾಳೆ. ಟೈಲರ್ ಮಾಮನೇ ಹೀಗಂದ ಮೇಲೆ ನನ್ನ ಮಾತು ಯಾರು ನಂಬ್ತಾರೆ ಅಂದ್ಕೊಂಡಳಂತೆ."

ಅಣ್ಣ ಸ್ಟೂಲಿನ ಮೇಲೆ ಕೂತು ಜಾಕೀಟನ್ನು ಮುಖಕ್ಕೆ ಒತ್ತಿಕೊಂಡ. ಅವನು ಅತ್ತದ್ದನ್ನು ನಾನು ನೋಡಿದ್ದು ಅಮ್ಮ ಹೋದಾಗ ಒಮ್ಮೆ, ಅವತ್ತು ಒಮ್ಮೆ. ಪಾಪ ಎನಿಸಿತು, ಆಗಬೇಕಾದ್ದೇ ಎಂದೂ ಎನಿಸಿತು.

ಆಮೇಲೆ ಎದ್ದು ಹಳೇ ಕಪಾಟು ಕೆದಕಿ ಅದೇ ನೀಲಿಯ ತುಂಡು ಹುಡುಕಿದ. ಕತ್ತರಿಸುವಾಗ ಅವನಿಗೆ ನಗು ತಡೆಯಲಾಗುತ್ತಿರಲಿಲ್ಲ. ಮೇಜಿನ ಮೇಲೆ ಅವನ ಫೋನು ಬಡಕೊಳ್ಳುತ್ತಲೇ ಇತ್ತು. ನಾನು ಎತ್ತಿ ನೋಡಿದೆ. ಟೈಲರೇ ಕೊಲೆಗಾರ ಎಂದು ಯಾರೋ ಸಾಧಿಸಿ ತೋರಿಸಿದ್ದ, ಒಂಬೈನೂರು ಲೈಕು.

"ಅಣ್ಣ, ಒಂದು ಮಾತು ಬರಿ. ನಾನಲ್ಲ ಅಂತ ಆದ್ರೂ ಬರಿ."

ಅವನು ತಲೆ ಎತ್ತಲಿಲ್ಲ. "ಬೇಡ ಬಿಡೇ. ಅವರೆಲ್ಲ ನನ್ನ ಕಡೆ ನೋಡ್ತಿರೋವರೆಗೆ ಅವಳ ಕಡೆ ಯಾರೂ ನೋಡಲ್ಲ."

ಹೊಸ ತುಂಡು ಕೂಡಿಸಿ, ಎರಡು ಬೆರಳು ಬಟ್ಟೆ ಒಳಕ್ಕೆ ಮಡಚಿ, ಅಂಚು ಹೊಲಿಯಲು ನನ್ನ ಕೈಗೆ ಕೊಟ್ಟ. ಬಿಚ್ಚಲು ಸುಲಭವಾಗಲಿ ಎಂದು ನಾನು ಹೊಲಿಗೆಯನ್ನು ಸ್ವಲ್ಪ ಸಡಿಲವಾಗಿಯೇ ಹಾಕಿದೆ.