ಬುಡು ಎಂಬ ಕಮಾಂಡು

ಎಂಬತ್ತರ ದಶಕದ ಕೊನೆಯಲ್ಲಿ ತಿಪಟೂರಿನ ತೆಂಗು ಬೆಳೆಗಾರರ ಸಂಘವೊಂದಕ್ಕೆ ಕಂಪ್ಯೂಟರ್ ಬಂತು. ಅದರ ಹಿಂದೆಯೇ ಅದನ್ನು ನಡೆಸಲು ತುರುವೇಕೆರೆಯಿಂದ ನಾನೂ ಬಂದೆ. ಅದಕ್ಕೆ ಫ್ಯಾನು, ಹೊದಿಕೆ, ಬೀಗವಿರುವ ಕೋಣೆ ಸಿಕ್ಕಿತು. ನನಗೊಂದು ಸ್ಟೂಲು ಸಿಕ್ಕಿತು.

ದಿನಾ ಅದೇ ಉದ್ದುದ್ದ ಇಂಗ್ಲಿಷ್ ಕಮಾಂಡುಗಳನ್ನು ಕುಟ್ಟಿ ಕುಟ್ಟಿ ನನಗೆ ರೇಗಿಹೋಗಿತ್ತು. ಹಾಗಾಗಿ ನನ್ನವೇ ಗಿಡ್ಡ ಕಮಾಂಡುಗಳನ್ನು ಮಾಡಿಕೊಂಡೆ. ಇಂಗ್ಲಿಷ್ ಅಕ್ಷರದಲ್ಲಿ ‘ನೋಡು’ ಅಂತ ಹೊಡೆದರೆ ಫೈಲು ಪರದೆ ಮೇಲೆ ಬರುತ್ತಿತ್ತು. ‘ಬರಿ’ ಅಂದರೆ ನಾನೇ ಕಟ್ಟಿದ ಪುಟ್ಟ ಎಡಿಟರ್ ತೆರೆದುಕೊಳ್ಳುತ್ತಿತ್ತು. ಅದರೊಳಗೆ ‘ಇಡು’ ಅಂದರೆ ಬರೆದದ್ದು ಫ್ಲಾಪಿಗೆ ಸೇರುತ್ತಿತ್ತು. ‘ಬುಡು’ ಅಂದರೆ ಬರೆದದ್ದೆಲ್ಲ ಅಳಿಸಿಹೋಗಿ ಎಡಿಟರ್ ಮುಚ್ಚಿಕೊಳ್ಳುತ್ತಿತ್ತು. ಯಂತ್ರಕ್ಕೆ ನಮ್ಮೂರ ಮಾತು ಕಲಿಸಿದೆನೆಂದು ನನಗೆ ವಿಪರೀತ ಜಂಬ.

ಇದನ್ನು ನಮ್ಮ ಹಿರಿಯ ಟೈಪಿಸ್ಟ್, ಹುಳಿಯಾರಿನ ಅಕ್ಕ, ಬಳಸಬೇಕೆಂಬುದೇ ನನ್ನ ಆಸೆ. ಅವರು ಮುಟ್ಟದಿದ್ದರೆ ಆಫೀಸಿನಲ್ಲಿ ಬೇರೆ ಯಾರೂ ಮುಟ್ಟುವವರಲ್ಲ. ತಿಂಗಳುಗಟ್ಟಲೆ ಗೋಗರೆದ ಮೇಲೆ ಒಪ್ಪಿದರು.

“ಒಂದು ಹಾಳೆ ಕಳೆದ್ರೂ ನಾನು ಟೈಪ್‌ರೈಟರ್‌ಗೇ ವಾಪಸ್ಸು ಕಣಪ್ಪ” ಅಂದರು.

ಬೆಳಿಗ್ಗೆಯಿಂದ ಕೂತು ಹೊನ್ನವಳ್ಳಿ ಸದಸ್ಯರ ಪಟ್ಟಿಯನ್ನು ಪೂರಾ ಹೊಡೆದರು. ಒಂದು ಅಕ್ಷರ ತಪ್ಪಿಲ್ಲ. ಹಿಂದೆ ನಿಂತು ನೋಡುತ್ತಿದ್ದ ನನಗೆ ಕುಣಿಯುವಷ್ಟು ಖುಷಿ.

“ಅಕ್ಕಾ, ಅದನ್ನ ಹಂಗೇ ಬುಡಿ, ಕಾಫಿ ಕುಡ್ಕೊಂಡು ಬರಾಣ” ಅಂದೆ.

ಅಕ್ಕ ಟಕಟಕನೆ ‘ಬುಡು’ ಅಂತ ಹೊಡೆದರು. ಪರದೆ ಖಾಲಿ.

“ಏನಕ್ಕಾ ಮಾಡಿದ್ರಿ!” ಎಂದು ಕಿರುಚಿದೆ.

“ನೀನೇ ಬುಡಿ ಅಂದೆ, ಬುಟ್ಟೆ.” ಎದ್ದುಹೋಗಿ ಟೈಪ್‌ರೈಟರಿನ ಹೊದಿಕೆ ತೆಗೆದರು.

ನಮ್ಮ ಕಡೆ ‘ಹಂಗೇ ಬುಡು’ ಅಂದರೆ ಇದ್ದದ್ದು ಇದ್ದ ಹಾಗೇ ಇರಲಿ ಅಂತ. ಮಾತು ಬಂದಾಗಿನಿಂದ ನಾನೂ ಹಾಗೇ ಅಂದವನು. ಆ ಮಾತನ್ನು ಅಳಿಸುವ ಕೆಲಸಕ್ಕೆ ಇಟ್ಟು, ಮೇಲೆ ಅವರ ಮೇಲೇ ಕಿರುಚಿದೆನಲ್ಲ ಎಂದು ನಾಚಿಕೆಯಾಯಿತು. ಕಾಫಿಗೆ ಹೋಗಲಿಲ್ಲ.

ಕೂತು ಎಡಿಟರನ್ನು ತಿದ್ದಿದೆ. ‘ಬುಡು’ ಅಂದರೆ ಇನ್ನು ಮೇಲೆ ಬರೆದದ್ದೆಲ್ಲ ಫ್ಲಾಪಿಯಲ್ಲಿ ಉಳಿಯಬೇಕು. ಹೊನ್ನವಳ್ಳಿಯ ಹೆಸರುಗಳನ್ನೂ ನಾನೇ ಮತ್ತೆ ಹೊಡೆದೆ, ಬೇಕಾದಷ್ಟು ತಪ್ಪುಗಳ ಸಮೇತ. ಸಂಜೆ ಹೋಗಿ ಅಕ್ಕನನ್ನು ಕರೆದೆ. “ತಪ್ಪು ನಂದೇ ಅಕ್ಕ. ಒಂದ್ಸಲ ಬಂದು ನೋಡಿ.”

ಬಂದರು, ಆದರೆ ಕೂರಲಿಲ್ಲ. ಅವರ ಎದುರಿಗೇ ‘ಬುಡು’ ಅಂತ ಹೊಡೆದೆ. ಆಮೇಲೆ ‘ನೋಡು’ ಅಂದೆ. ಹೆಸರುಗಳೆಲ್ಲ ಬಂದವು. ಅಕ್ಕ ಬಗ್ಗಿ ಒಂದೊಂದನ್ನೇ ಓದಿದರು. ನನ್ನ ತಪ್ಪುಗಳ ಹತ್ತಿರ ನಿಂತು ಲೊಚಗುಟ್ಟಿದರು.

“ಏಳು ಮೇಲೆ” ಅಂದರು.

ಎದ್ದೆ. ಕೂತು ಕನ್ನಡಕ ಸರಿಮಾಡಿಕೊಂಡರು.

“ತಿದ್ತೀನಿ. ಮುಗಿಯೋಗಂಟ ನೀನು ಮಾತ್ರ ಬಾಯಿ ಬುಡಬ್ಯಾಡ.”