ಗಾಜಿನ ಮೇಲೆ ಇಳಕಲ್ ಸೀರೆ

ಹಸಿವು ರುಚಿ ಅರಿಯದು, ನಿದ್ದೆ ಸುಖ ಅರಿಯದು ಎನ್ನುತ್ತಾರೆ. ಆ ಗಾದೆ ಕಟ್ಟಿದವರು ಮಕ್ಕಳ ಐಸಿಯು ನೋಡಿರಲಿಲ್ಲ. ನಾನು ಬೆಳೆದದ್ದು ತುಂಗಭದ್ರಾ ಡ್ಯಾಂ ಕ್ವಾರ್ಟರ್ಸ್‌ನಲ್ಲಿ. ಗೇಟು ತೆಗೆದು ನೀರು ಭೋರ್ಗರೆಯುವಾಗಲೂ ಗೊರಕೆ ಹೊಡೆದವಳು. ನಿದ್ದೆಗೂ ತಕ್ಕ ಜಾಗ ಬೇಕು, ಇಲ್ಲದಿದ್ದರೆ ಜೀವಕ್ಕೇ ಸಂಚಕಾರ ಎಂದು ನನಗೆ ಗೊತ್ತಾದದ್ದು ನನ್ನ ಆರು ವರ್ಷದ ಮಗಳಿಂದ.

ನ್ಯುಮೋನಿಯಾ ಬಂದು ಅವಳು ಹೊಸಪೇಟೆಯ ಆಸ್ಪತ್ರೆಯೊಂದರಲ್ಲಿ ವೆಂಟಿಲೇಟರ್ ಮೇಲಿದ್ದಳು. ಗಂಟಲಿನ ಕೊಳವೆ ತೆಗೆದ ದಿನ ಗೆದ್ದೆವು ಎಂದುಕೊಂಡೆವು. ಆದರೆ ಮಗು ಮಲಗಲೇ ಇಲ್ಲ. ರೆಪ್ಪೆ ಮುಚ್ಚುವುದು, ಬೆಚ್ಚಿ ತೆರೆಯುವುದು. ಗಾಳಿಯಲ್ಲಿ ಇಲ್ಲದ್ದನ್ನು ಕಿತ್ತು ಕಿತ್ತು ಎಸೆಯುವಳು. ಮರುದಿನ ನನ್ನ ಮುಖವನ್ನೇ ನೋಡುತ್ತಾ, 'ನಮ್ಮವ್ವನ್ನ ಕರೀರಿ' ಎಂದು ಅತ್ತಳು. ನಾನು ಅವಳ ಅವ್ವನೇ.

ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದರು. 'ಭಾಳ ದಣಿದಾಳ. ಈಗ ನಿದ್ದೀನ ಔಷಧ. ಮದ್ದು ಕೊಟ್ಟು ಮಲಗಿಸೋಣಂದ್ರ ಉಸಿರಿಗೆ ಇನ್ನೂ ಬಲ ಬಂದಿಲ್ಲ, ನನಗ ಹೆದರಿಕಿ ಐತಿ. ತಾನಾಗೇ ಮಲಗಬೇಕು. ಇಲ್ಲಾಂದ್ರ ಮತ್ತ ಕೊಳವಿ ಹಾಕಬೇಕಾಗ್ತೈತಿ.'

ಮಲಗುವುದೆಲ್ಲಿ? ಕಿಟಕಿಯೇ ಇಲ್ಲದ ಕೋಣೆ, ಹಗಲು ಯಾವುದು ರಾತ್ರಿ ಯಾವುದು ದೇವರೇ ಬಲ್ಲ. ಮಂಚದ ನೆತ್ತಿಗೆ ಆರದ ಟ್ಯೂಬ್‌ಲೈಟು. ಕಿವಿಗೆ ತಾಗಿದಂತೆ ಮಾನಿಟರ್. ತೀರಾ ಗಂಭೀರವಾದ ಮಗು ಕಣ್ಣೆದುರೇ ಇರಲಿ ಎಂದು ನರ್ಸ್ ಮೇಜಿನ ಮುಂದಿನ ಮಂಚ ಕೊಟ್ಟಿದ್ದರು. ಹೀಗಾಗಿ ಫೋನು, ಟ್ರೇ, ಕುರ್ಚಿ ಎಳೆಯುವ ಸದ್ದೆಲ್ಲ ಅದಕ್ಕೇ. ಇನ್ನೊಂದು ಬದಿಗೆ, ಹಗಲುರಾತ್ರಿ ದೀಪ ಉರಿಯುವ ವರಾಂಡದ ದೊಡ್ಡ ಗಾಜು, ಬಂಧುಗಳು ಹೊರಗಿನಿಂದಲೇ ನೋಡಿ ಹೋಗಲೆಂದು ಮಾಡಿದ್ದು.

'ಇದು ನಾವು ನೋಡಾಕ ಕಟ್ಟಿದ ವಾರ್ಡು, ಮಕ್ಕಳು ಮಲಗಾಕ ಅಲ್ಲ' ಎಂದು ಡಾಕ್ಟರಮ್ಮನೇ ನಿಟ್ಟುಸಿರು ಬಿಟ್ಟರು.

ಆ ಗಾಜಿನಾಚೆ ನಮ್ಮತ್ತೆಯ ದರ್ಬಾರು. ಅವರು ಕಂಪ್ಲಿಯ ಅಕ್ಕಿ ಗಿರಣಿ ಮನೆತನದವರು. ಗಿರಣಿಯ ಸದ್ದಿನ ಮೇಲೂ ಕೇಳಿಸುವಂತೆ ಮಾತಾಡಿ ಅಭ್ಯಾಸ. ನಮ್ಮ ಕಡೆ ರೋಗಿಯನ್ನು ನೋಡಲು ಬಂದರೆ ರೋಗಿ ಕಣ್ಣುಬಿಟ್ಟು ಗುರುತು ಹಿಡಿಯಬೇಕು. ಇಲ್ಲದಿದ್ದರೆ ಬಂದವರು ಅಪಶಕುನವಾದಂತೆ ಮುಖ ಸಣ್ಣದು ಮಾಡಿಕೊಂಡು ಹೋಗುತ್ತಾರೆ. ಆದ್ದರಿಂದ ಒಬ್ಬೊಬ್ಬರು ಬಂದಾಗಲೂ ಅತ್ತೆ ಉಂಗುರದಿಂದ ಗಾಜಿಗೆ ಟಕಟಕ ಬಡಿಯುತ್ತಿದ್ದರು. 'ಪುಟ್ಟೀ, ಕಣ್ಣು ತಗೀ! ಸಂಡೂರು ಮಾವ ಬಂದಾರ ನೋಡು!'

ಅವತ್ತು ಮಧ್ಯಾಹ್ನ ಮಗುವಿನ ರೆಪ್ಪೆ ಆಗತಾನೇ ಕೂಡಿಕೊಂಡಿತ್ತು. ಟಕಟಕ. ಬೆಚ್ಚಿ ಚೀರಿದಳು. ನನ್ನ ಪಿತ್ತ ನೆತ್ತಿಗೇರಿತು. ಹೊರಗೆ ಹೋಗಿ ನೆಂಟರೆದುರೇ ಕೇಳಿಬಿಟ್ಟೆ: 'ಅತ್ತೀ, ಹಂಪಿ ಗುಡ್ಯಾಗ ಸ್ವಾಮಿಗೆ ಪರದೆ ಎಳೆದ ಮ್ಯಾಲೆ ಹಿಂಗ ಬಡಿತೀರೇನ್ರಿ? ಅಕಿ ಮಲಗಲಿಲ್ಲಂದ್ರ ಮತ್ತ ಕೊಳವಿ ಹಾಕ್ತಾರ!'

ಅತ್ತೆ ಉಂಗುರದ ಕೈ ಕೆಳಗಿಳಿಸಿದರು. ಅದೇ ಒಂದು ಪವಾಡ. ಗಾಜನ್ನು ನೋಡಿದರು, ಮಗುವನ್ನು ನೋಡಿದರು. ಮರುದಿನ ಉಡಲೆಂದು ತಂದಿದ್ದ ತಮ್ಮ ಇಳಕಲ್ ಸೀರೆಯನ್ನು ಕೈಚೀಲದಿಂದ ತೆಗೆದು, ಮಡಿಕೆ ಬಿಚ್ಚಿ, ವರಾಂಡದ ಕಡೆಯಿಂದ ಗಾಜಿನ ಮೇಲಿದ್ದ ಕಂಬಿಗೆ ಎಸೆದು ಇಳಿಬಿಟ್ಟರು. ಸಂಡೂರು ಮಾವ ಬಾಯಿ ತೆರೆದರೆ, ಅತ್ತೆ ಜೀವಮಾನದಲ್ಲಿ ಮೊದಲ ಸಲ ಪಿಸುಗುಟ್ಟಿದರು.

'ಪರದೆ ಬಿದ್ದೈತಿ. ಈಗ ದರ್ಶನ ಇಲ್ರಿ. ಕುಂದ್ರಿ.'

ಒಳಗೆ ಮಂಚದ ಮೇಲೆ ಸೀರೆಯ ಕೆಂಗಪ್ಪು ನೆರಳು ಬಿತ್ತು. ಅದನ್ನು ಕಂಡ ನರ್ಸ್, ಡಾಕ್ಟರಮ್ಮನನ್ನು ಕೇಳಿ ನೆತ್ತಿಯ ಟ್ಯೂಬ್‌ಲೈಟು ಆರಿಸಿದರು. ಮಂಚದ ಬಳಿಯ ಮಾನಿಟರಿನ ಸದ್ದು ತಗ್ಗಿಸಿದರು. 'ಇದರ ಕೂಗು ನನ್ನ ಮೇಜಿನ ಮ್ಯಾಲೆ ಕೇಳಿಸಿದ್ರ ಸಾಕು, ಅಕೀ ಕಿವ್ಯಾಗ ಬ್ಯಾಡ' ಎಂದು ಮೇಜಿನ ಮಾನಿಟರಿನ ಮೇಲಿಟ್ಟ ಕಣ್ಣು ತೆಗೆಯದೆ ಕೂತರು.

ಮಗಳು ಮಲಗಿದಳು.

ಹಂಪಿಯಲ್ಲಿ ಕಲ್ಲಿನ ಮೇಲೆ ಕಲ್ಲು ಹೇಗೆ ನಿಂತಿತೆಂದು ನೋಡಲು ದೇಶವಿದೇಶದವರು ಬರುತ್ತಾರೆ. ನಾನು ದಿನಾ ನೋಡಿ ಬೇಸತ್ತವಳು, ಅದರಲ್ಲೇನಿದೆ ಮಹಾ ಎನ್ನುವವಳು. ಅವತ್ತು ಅಂಗೈಯಗಲದ ಎದೆಯೊಂದು ತನ್ನಷ್ಟಕ್ಕೇ ಏರುವುದನ್ನು, ಇಳಿಯುವುದನ್ನು, ಮತ್ತೆ ಏರುವುದನ್ನು ನೋಡುತ್ತಾ ಬಾಯಿಬಿಟ್ಟು ಕೂತೆ. ಇಷ್ಟು ದೊಡ್ಡದನ್ನು ನಾನು ಕಂಡಿರಲಿಲ್ಲ. ಮುಷ್ಟಿಯಾಗಿದ್ದ ಅವಳ ಬೆರಳುಗಳು ಒಂದೊಂದಾಗಿ ಸಡಿಲವಾದವು. ಏದುಸಿರು ಹೋಗಿ ಉಸಿರಿಗೊಂದು ಲಯ ಬಂತು.

ಸಂಜೆ ನೀರು ಕುಡಿಯಲು ಹೊರಗೆ ಬಂದರೆ ವರಾಂಡದ ತುಂಬ ಜನ. ಮಲಪನಗುಡಿಯಿಂದ ನಮ್ಮ ಚಿಕ್ಕಮ್ಮನ ಮನೆಮಂದಿಯೆಲ್ಲ ಬಂದಿದ್ದರು. ಬೇರೆ ಮಕ್ಕಳ ಕಡೆಯವರೂ ಇದ್ದರು. ಚಪ್ಪಲಿಗಳು ಮೆಟ್ಟಿಲ ಬಳಿಯೇ ಉಳಿದಿದ್ದವು. ಗರ್ಭಗುಡಿಯ ಮುಂದೆ ಕೂತಂತೆ ಎಲ್ಲರೂ ಸೀರೆಯತ್ತ ಮುಖಮಾಡಿ ತೆಪ್ಪಗೆ ಕೂತಿದ್ದರು. ಹೊಸಪೇಟೆಯ ಆಸ್ಪತ್ರೆಯಲ್ಲಿ ಅಂಥ ಮೌನ! ಸೀರೆಯ ಪಕ್ಕ ಅತ್ತೆ ಕಾವಲು. ಒಂದು ಸಲವೂ ಅಂಚು ಸರಿಸಿ ಮೊಮ್ಮಗಳನ್ನು ಇಣುಕಿ ನೋಡಲಿಲ್ಲವಂತೆ.

ಬೆಳಗ್ಗೆ ಮಗಳು ಕಣ್ಣು ತೆರೆದಳು. ಬೆಚ್ಚಲಿಲ್ಲ. ನನ್ನನ್ನು ನೋಡಿ, 'ಅವ್ವಾ' ಎಂದಳು. ನಾನು ಅತ್ತುಬಿಟ್ಟೆ.

'ಅಜ್ಜಿ ಎಲ್ಲಿ?'

ಹೊರಗೆ ಓಡಿ ಸೀರೆ ಸರಿಸಿದೆ. ಅತ್ತೆ ಗಾಜಿಗೆ ತಲೆಯಾನಿಸಿ ನೆಲದ ಮೇಲೆ ಕೂತಲ್ಲೇ ನಿದ್ದೆಹೋಗಿದ್ದರು. ಇಳಿಬಿಟ್ಟ ಸೀರೆಯ ಸೆರಗಿನ ತುದಿ ಇನ್ನೂ ಮುಷ್ಟಿಯಲ್ಲಿತ್ತು. ಅವರು ಅಷ್ಟು ಕಾದಿದ್ದ ಆ ಕಣ್ಣು ಈಗ ತೆರೆದು ಅವರನ್ನೇ ನೋಡುತ್ತಿತ್ತು. ಎಬ್ಬಿಸಲು ಅವರ ಭುಜಕ್ಕೆ ಕೈ ಚಾಚಿದೆ.

ಗಾಜಿನೊಳಗಿಂದ ಮಗಳು ಬೇಡವೆಂದು ತಲೆಯಾಡಿಸಿದಳು. ಕೆಂಪು ಬೆಳಕಿನ ಕ್ಲಿಪ್ಪು ಸಿಕ್ಕಿಸಿದ್ದ ಬೆರಳನ್ನು ಮೆಲ್ಲಗೆ ಎತ್ತಿ ತುಟಿಯ ಮೇಲಿಟ್ಟುಕೊಂಡಳು.